ನೀಲಿಗಣ್ಣಿನ ಪೈಲ್ವಾನರು

ಉರ್ದು ಶಾಲೆ ಮುಗಿಸಿ ನಾವು ಕನ್ನಡ ಹೈಸ್ಕೂಲಿಗೆ ಸೇರಿದ ಹೊತ್ತಿಗೆ ಊರಿಗೆ ಕೇಬಲ್ ಟಿ.ವಿ. ಬಂದಿತ್ತು. ಹುಡುಗರ ಜೇಬಿನಲ್ಲೆಲ್ಲ ಕುಸ್ತಿಪಟುಗಳ ಟ್ರಂಪ್ ಕಾರ್ಡುಗಳು. ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಮೈದಾನವೇ ರಿಂಗ್. ಒಬ್ಬ ಹಲ್ಕ್ ಹೊಗನ್ ಆಗುತ್ತಿದ್ದ, ಇನ್ನೊಬ್ಬ ಬ್ರಿಟಿಷ್ ಬುಲ್‌ಡಾಗ್. ನಮ್ಮ ಪಾಲಿಗೆ ಬರುತ್ತಿದ್ದುದು ಯಾವಾಗಲೂ ಕರ್ನಲ್ ಮುಸ್ತಫಾ. 1991ರ ಕೊಲ್ಲಿ ಯುದ್ಧದ ದಿನಗಳಲ್ಲಿ, ಇರಾನಿನಲ್ಲಿ ಹುಟ್ಟಿದ ಪೈಲ್ವಾನನೊಬ್ಬನಿಗೆ ಇರಾಕಿನ ವೇಷ ತೊಡಿಸಿ ಅಮೆರಿಕದವರು ಕಟ್ಟಿದ ಖಳನಾಯಕ ಅವನು. "ನಿನ್ನ ಹೆಸರಿಗೆ ಅದೇ ಸರಿ ಕಣೋ" ಎನ್ನುತ್ತಿದ್ದರು ಗೆಳೆಯರು. ಅದರಲ್ಲಿ ಕೇಡಿರಲಿಲ್ಲ. ನಾವೂ ನಗುತ್ತಲೇ ಸೋಲುತ್ತಿದ್ದೆವು.

ಮನೆಯಲ್ಲಿ ಅಬ್ಬಾ ಟಿ.ವಿ.ಯತ್ತ ನೋಡಿ "ಎಲ್ಲಾ ಸುಳ್ಳು" ಎಂದು ಮುಖ ತಿರುಗಿಸುತ್ತಿದ್ದರು. ಅವರಿಗೆ ಕುಸ್ತಿಯೆಂದರೆ ಗಾಮಾ ಪೈಲ್ವಾನ್. 1910ರಲ್ಲಿ ಗಾಮಾ ಲಂಡನ್ನಿಗೆ ಹೋಗಿ ಅಮೆರಿಕದ ರೋಲರನನ್ನು ಚಿತ್ ಮಾಡಿದ್ದು, ಪೋಲೆಂಡಿನ ಝ್ಬಿಸ್ಕೊ ನೆಲಕ್ಕೆ ಅಂಟಿಕೊಂಡೇ ಎರಡೂವರೆ ಗಂಟೆ ಕಳೆದು ಮರುಪಂದ್ಯಕ್ಕೆ ಬಾರದೇ ಹೋದದ್ದು, ಇವನ್ನೆಲ್ಲ ಕಣ್ಣಾರೆ ಕಂಡವರಂತೆ ಹೇಳುತ್ತಿದ್ದರು.

ಕತೆ ಬರೆಯತೊಡಗಿದ ಮೇಲೆ ಆ ಬುಲ್‌ಡಾಗ್ ಎಲ್ಲಿಯವನು ಎಂದು ಹುಡುಕುತ್ತ ಹೋದೆವು. ಹಾದಿ ಇಂಗ್ಲೆಂಡಿನ ಪುರಭವನಗಳಿಗೆ ಹೋಯಿತು. 1952ರಲ್ಲಿ ಅಲ್ಲಿನ ಕುಸ್ತಿ ಸಂಘಟಕರು ಕೂಡಿ 'ಜಾಯಿಂಟ್ ಪ್ರಮೋಷನ್ಸ್' ಎಂಬ ಕೂಟ ಕಟ್ಟಿಕೊಂಡು ಊರುಗಳನ್ನು ಹಂಚಿಕೊಂಡರು. 1955ರಿಂದ ಐಟಿವಿ ಕುಸ್ತಿಯನ್ನು ಮನೆಮನೆಗೆ ಮುಟ್ಟಿಸಿತು. ಡೇವಿ ಬಾಯ್ ಸ್ಮಿತ್, ಅಂದರೆ ನಮ್ಮ ಬುಲ್‌ಡಾಗ್, ಮೀಸೆ ಮೂಡುವ ವಯಸ್ಸಿನಲ್ಲಿ ಕಾಣಿಸಿಕೊಂಡದ್ದು ಅಲ್ಲೇ.

ಆ ಕೂಟಕ್ಕೆ ಎದುರಾಗಿ 1970ರಲ್ಲಿ ಬರ್ಕನ್‌ಹೆಡ್ ಊರಿನ ಬ್ರಯಾನ್ ಡಿಕ್ಸನ್ ತನ್ನದೇ ಕಂಪನಿ ತೆರೆದರು. ಅವರು ಪೈಲ್ವಾನರಲ್ಲ. ಕುಸ್ತಿಪಟುವೊಬ್ಬರ ಅಭಿಮಾನಿ ಸಂಘ ನಡೆಸಿ, ರೆಫರಿಯಾಗಿ ಬೆಳೆದವರು. ಅದೇ ಮುಂದೆ 'ಆಲ್ ಸ್ಟಾರ್ ರೆಸ್ಲಿಂಗ್' ಆಯಿತು. ಐಟಿವಿಯ ಬೆಂಬಲವಿಲ್ಲದೆ ಹದಿನಾರು ವರ್ಷ ಊರೂರು ಸುತ್ತಿದ ಮೇಲೆ, 1987ರಲ್ಲಿ ಐಟಿವಿ ಅವರಿಗೂ ಪಾಲು ಕೊಟ್ಟಿತು. 1988ರ ಕೊನೆಗೆ ಕುಸ್ತಿಯನ್ನೇ ನಿಲ್ಲಿಸಿತು. ಟಿ.ವಿ.ಯನ್ನು ನೆಚ್ಚಿದ್ದ ಹಳೆಯ ಕೂಟ 1990ರ ದಶಕ ದಾಟಲಿಲ್ಲ. ಡಿಕ್ಸನ್ ಮಾತ್ರ ಪುರಭವನ, ರಜಾ ಶಿಬಿರಗಳಲ್ಲಿ ರಿಂಗ್ ಕಟ್ಟುತ್ತಲೇ ಇದ್ದರು. ನಮ್ಮ ಬಯಲಾಟದ ಮೇಳಗಳಂತೆ ಇವತ್ತು ಈ ಊರು, ನಾಳೆ ಆ ಊರು. 2023ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸ.

ಈ ಚರಿತ್ರೆಯಲ್ಲಿ ಒಂದು ಶಬ್ದ ನಮ್ಮನ್ನು ಹಿಡಿದು ನಿಲ್ಲಿಸಿತು. ಬ್ರಿಟಿಷ್ ಕುಸ್ತಿಯವರ ಒಳಭಾಷೆಯಲ್ಲಿ ನಾಯಕನಿಗೆ 'ಬ್ಲೂ ಐ' ಎಂದು ಹೆಸರು. ಒಳ್ಳೆಯವನೆಂದರೆ ನೀಲಿಗಣ್ಣಿನವನು! ಇನ್ನು ಆಲ್ ಸ್ಟಾರಿನ ದೊಡ್ಡ ಆಕರ್ಷಣೆಯಾಗಿದ್ದ ಮುಸುಕಿನ ಖಳ ಕೆಂಡೊ ನಾಗಸಾಕಿ ಯಾರು? ಜಪಾನಿನವನಲ್ಲ, ಪೀಟರ್ ಥಾರ್ನ್‌ಲಿ ಎಂಬ ಅಪ್ಪಟ ಇಂಗ್ಲಿಷ್ ಮನುಷ್ಯ. 1964ರಲ್ಲಿ ಆತ ರಿಂಗಿಗಿಳಿದಾಗ ಮಹಾಯುದ್ಧ ಮುಗಿದು ಇಪ್ಪತ್ತು ವರ್ಷವೂ ಆಗಿರಲಿಲ್ಲ. ಜನರನ್ನು ಕೆರಳಿಸಲು ಶತ್ರುದೇಶದ ಒಂದು ಹೆಸರು ಸಾಕಾಗಿತ್ತು.

ಮೈದಾನದಲ್ಲಿ ನಮಗೆ ಸಿಕ್ಕ ಪಾತ್ರದ ಮೂಲ ಇದೇ ಎನ್ನಿಸಿತು. ಪ್ರೇಕ್ಷಕರ ಮನಸ್ಸಿನಲ್ಲಿ ಮೊದಲೇ ಇರುವ ಸಿಟ್ಟಿಗೆ ಒಂದು ಹೆಸರು, ಒಂದು ಉಡುಪು ಹೊಂದಿಸಿದರೆ ಖಳನಾಯಕ ಸಿದ್ಧ.

ಇಷ್ಟನ್ನು ಬರೆದು ಪರರನ್ನು ದೂರಿ ಕೂತಿದ್ದರೆ ಹಾಯಾಗಿತ್ತು. ಆದರೆ ನಮ್ಮ ಮೊದಲ ಕತೆಗಳು ಕಪಾಟಿನಿಂದ ನೋಡುತ್ತಿದ್ದವು. ಅವುಗಳಲ್ಲೊಂದರಲ್ಲಿ ಒಬ್ಬ ಮೌಲ್ವಿ ಬರುತ್ತಾನೆ. ಸುರ್ಮಾ ಹಚ್ಚಿದ ಕಣ್ಣು, ಉದ್ದ ಗಡ್ಡ, ಕಟುಕ ಮನಸ್ಸು. ಅವನಿಗೆ ಹೆಂಡತಿ ಮಕ್ಕಳಿಲ್ಲ, ಹಸಿವಿಲ್ಲ, ಒಂದು ಹೆಸರು ಕೂಡ ಇಲ್ಲ. ಆ ಕತೆಗೆ ಬಹುಮಾನ ಬಂದಿತ್ತು. ಪ್ರೇಕ್ಷಕರ ಸಿಟ್ಟು ಯಾವುದೆಂದು ನಮಗೂ ಗೊತ್ತಿತ್ತು. ನಾವೂ ಉಡುಪು ಹೊಲಿದು ಕೊಟ್ಟಿದ್ದೆವು.

ಕಟುಕ ಮೌಲ್ವಿಗಳು ಇಲ್ಲವೆಂದಲ್ಲ. ಆದರೆ ನಾವು ಬರೆದವನು ನಾವು ಕಂಡವನಾಗಿರಲಿಲ್ಲ. ಸುಳ್ಳು ಎಂದು ಮುಖ ತಿರುಗಿಸುತ್ತಿದ್ದ ಅಬ್ಬಾ ಆ ಕತೆಯನ್ನು ಓದಿದ್ದರು. ಏನೂ ಹೇಳಿರಲಿಲ್ಲ.

ಈಗ ಆ ಕತೆಯನ್ನು ಮತ್ತೆ ಬರೆಯಲು ಕೂತಿದ್ದೇವೆ. ಮೊದಲು ಆ ಮೌಲ್ವಿಗೊಂದು ಹೆಸರು ಹುಡುಕಬೇಕು.