ರೆಸ್ಟ್ ಹೌಸ್ ರಸ್ತೆಯವರೆಗೆ

ಸಂಜೆ ಹೊತ್ತು ಅಲ್ಲಾಳಸಂದ್ರದಲ್ಲಿ ಶಿವಾಜಿನಗರದ ಬಸ್ಸು ಹತ್ತಿದರೆ, ಯಾವಾಗ ತಲುಪುತ್ತೇವೆ ಅನ್ನುವುದು ಹೆಬ್ಬಾಳದ ವಾಹನದಟ್ಟಣೆಯ ಕೈಯಲ್ಲಿರುತ್ತದೆ. ಎಡಗಡೆ ಕಿಟಕಿ ಸಿಕ್ಕಿತ್ತು. ಜಕ್ಕೂರಿನ ವಿಮಾನ ತರಬೇತಿ ಶಾಲೆಯ ಬಯಲು ದಾಟಿದ ಮೇಲೆ ಬರೀ ಮೆಟ್ರೊ ಕಂಬಗಳು, ವಾಹನಗಳ ಕೆಂಪು ದೀಪಗಳು. ಒಂದು ಮಗ್ ಬಿಯರ್‌ಗಾಗಿ ಅಷ್ಟು ದೂರ ಹೋಗಬೇಕಾ ಅಂತ ಮನೆಯಲ್ಲಿ ಕೇಳಿದ್ದರು. ಹೋಗಬೇಕು. ನಮ್ಮ ಯಲಹಂಕ, ಹೆಬ್ಬಾಳದ ಕಡೆ ಬಾರ್‌ಗಳಿಗೇನೂ ಬರವಿಲ್ಲ, ದೊಡ್ಡ ದೊಡ್ಡ ಬ್ರೂವರಿಗಳೂ ಬಂದಿವೆ. ಆದರೆ ಅಲ್ಲಿಗೆ ಹೋಗುವವರು ಗುಂಪು ಕಟ್ಟಿಕೊಂಡು, ಮೊದಲೇ ಟೇಬಲ್ ಹೇಳಿಟ್ಟು ಹೋಗುತ್ತಾರೆ. ಒಬ್ಬನೇ ಹೋಗಿ ಗುರುತಿಲ್ಲದವರ ಪಕ್ಕ ಕೂತು ಮಾತಿಗಿಳಿಯುವ ಜಾಗಗಳಲ್ಲ ಅವು.

ಕಂಟೋನ್ಮೆಂಟ್ ಸ್ಟೇಷನ್ ಹತ್ತಿರ ಬರುವಾಗ ಕಾಕ್‌ಬರ್ನ್ ರಸ್ತೆಯ ಡ್ಯೂವರ್ಸ್ ನೆನಪಾಯಿತು. 1933ರಿಂದ ನಡೆದಿದ್ದ ಬಾರು. ಬೆತ್ತದ ಕುರ್ಚಿಗಳು, ಯಾರನ್ನೂ ಎಬ್ಬಿಸುವ ಆತುರವಿಲ್ಲದ ಸಪ್ಲೈಯರ್‌ಗಳು. ಅದು ಮುಚ್ಚಿಹೋದದ್ದು ಈ ಊರಿಗಾದ ನಷ್ಟವೆಂದೇ ನಾನು ತಿಳಿದಿದ್ದೇನೆ.

ಶಿವಾಜಿನಗರದಲ್ಲಿ ಇಳಿದು ಬ್ರಿಗೇಡ್ ರಸ್ತೆ ಕಡೆ ನಡೆದೆ. ಈ ದಂಡುಪ್ರದೇಶಕ್ಕೂ ಬಿಯರ್‌ಗೂ ಹಳೆಯ ನಂಟು. ಬ್ರಿಟಿಷ್ ಸೈನಿಕರಿಗೆ ದೊಡ್ಡ ಪೀಪಾಯಿಗಳಲ್ಲಿ, ಎತ್ತಿನ ಗಾಡಿಯ ಮೇಲೆ ಬಿಯರ್ ಬರುತ್ತಿತ್ತು. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಬ್ರೂವರಿಗಳನ್ನು ಒಟ್ಟು ಮಾಡಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಇಂದು ಯುಬಿ ಸಿಟಿ ನಿಂತಿರುವ ಜಾಗದಲ್ಲೇ ಅದರ ಕಾರ್ಖಾನೆಯಿತ್ತು. ಪಬ್‌ಗಳಲ್ಲಿ ಪೀಪಾಯಿಯಿಂದ ನೇರ ಮಗ್ಗಿಗೆ ತುಂಬಿಕೊಡುವ ಡ್ರಾಟ್ ಬಿಯರನ್ನು ಬಾಟಲಿ ಬಿಯರ್‌ನಂತೆ ಕಾಯಿಸಿರುವುದಿಲ್ಲ, ಹಾಗಾಗಿ ಬಹಳ ದಿನ ಇಡಲಾಗದು, ತಣ್ಣಗಿಟ್ಟು ಬೇಗ ಖರ್ಚು ಮಾಡಬೇಕು. ಕಾರ್ಖಾನೆ ಊರೊಳಗೇ ಇದ್ದುದರಿಂದ ಆ ತೊಡಕು ಇಲ್ಲಿ ಹಗುರಾಯಿತು. ಎಂಬತ್ತರ ದಶಕದಲ್ಲಿ ಚರ್ಚ್ ಸ್ಟ್ರೀಟ್, ಬ್ರಿಗೇಡ್ ರಸ್ತೆಗಳಲ್ಲಿ ಪಬ್‌ಗಳು ಸಾಲುಗಟ್ಟಿದ್ದಕ್ಕೆ ನಮ್ಮ ತಂಪು ಹವೆಯಷ್ಟೇ ಕಾರಣವಲ್ಲ. ಆಗಿನವು ಎಷ್ಟೋ ಈಗಿಲ್ಲ. ಬಾಹ್ಯಾಕಾಶ ನೌಕೆಯಂತೆ ಸಿಂಗರಿಸಿದ್ದ ನಾಸಾ ಕೂಡ ಹೋಯಿತು. 2017ರ ಜುಲೈನಲ್ಲಿ, ಹೆದ್ದಾರಿಯ 500 ಮೀಟರ್ ಒಳಗೆ ಮದ್ಯ ಮಾರಬಾರದೆಂಬ ಸುಪ್ರೀಂ ಕೋರ್ಟ್ ಆದೇಶದಿಂದ ಎಂ.ಜಿ. ರಸ್ತೆಯ ಆಸುಪಾಸಿನ ಬಾರ್‌ಗಳೂ ಕೆಲಕಾಲ ಬಾಗಿಲು ಹಾಕಿದ್ದವು.

ರೆಸ್ಟ್ ಹೌಸ್ ರಸ್ತೆಯ ಪೆಕೋಸ್ ಉಳಿದುಕೊಂಡಿದೆ. ಶುರುವಾದದ್ದು 1989ರಲ್ಲಿ. ಇಕ್ಕಟ್ಟಾದ ಮೆಟ್ಟಿಲು ಹತ್ತಿದೆ. ಗೋಡೆ ತುಂಬ ರಾಕ್ ಸಂಗೀತಗಾರರ ಚಿತ್ರಗಳು, ಮಂದ ಬೆಳಕು, ಕೂತೂ ಕೂತೂ ನುಣುಪಾದ ಮರದ ಬೆಂಚು. ಮೇಜಿನ ಮೇಲೆ ಮಗ್ಗುಗಳನ್ನು ಇಟ್ಟು ಎತ್ತಿದ ಒದ್ದೆ ಬಳೆಗಳು, ಒಂದರ ಮೇಲೊಂದು. ಸಪ್ಲೈಯರ್ ಬಟ್ಟೆಯಿಂದ ಒಮ್ಮೆ ಒರೆಸಿ, "ಒಬ್ರೇನಾ ಸಾರ್?" ಅಂದ. ಹೌದೆಂದೆ. ಮಗ್ ಬಂತು, ಖಾರದ ಕಡಲೆಕಾಯಿ ಬಂತು. ಹಾಡು ಜೋರಾಗಿತ್ತು, ಆದರೂ ಮಾತಿಗೆ ಅಡ್ಡಿಯಾಗಲಿಲ್ಲ, ಎಲ್ಲರೂ ಸ್ವಲ್ಪ ಬಾಗಿ ಹತ್ತಿರ ಬಂದು ಮಾತಾಡುತ್ತಿದ್ದರು.

ತುಂಬಿದ ಸಂಜೆ. ಹುಡುಗನೊಬ್ಬ ಬಂದು ಎದುರಿನ ಬೆಂಚು ತೋರಿಸಿದ.

"ಅಂಕಲ್, ಇಲ್ಲಿ ಯಾರಾದ್ರೂ ಇದ್ದಾರಾ?"

"ಇಲ್ಲಪ್ಪ, ಕೂತ್ಕೊ."

ಅವನಪ್ಪ ಕಾಲೇಜಿನ ದಿನಗಳಲ್ಲಿ ಇಲ್ಲಿಗೆ ಬರುತ್ತಿದ್ದರಂತೆ. ಅಪ್ಪ ಕೇಳುತ್ತಿದ್ದ ಹಾಡುಗಳನ್ನು ಕೇಳಲು ಬಂದಿದ್ದೇನೆ ಎಂದ. ಹಳೆಯ ಪಬ್ಬಿನ ಸೆಳೆತ ನನಗೆ ಇದೇ: ಇಲ್ಲಿ ನಮ್ಮನ್ನು ಯಾರೂ ವಯಸ್ಸಿನಿಂದ, ಬಟ್ಟೆಯಿಂದ ಬೇರೆ ಬೇರೆ ಕೂರಿಸುವುದಿಲ್ಲ. ಜಾಗ ಕಡಿಮೆ, ಆದ್ದರಿಂದ ಹಂಚಿಕೊಳ್ಳಲೇಬೇಕು. ಬೆಂಚು ಹಂಚಿಕೊಂಡವರು ಮಾತನ್ನೂ ಹಂಚಿಕೊಳ್ಳುತ್ತಾರೆ. ಸಾವಿರ ಜನ ಹಿಡಿಸುವ ಹೊಸ ಬ್ರೂವರಿಗಳಲ್ಲಿ ನನಗೆ ಇದೇ ಸಿಗುವುದಿಲ್ಲ.

"ಎಲ್ಲಿ ಮನೆ ಅಂಕಲ್?"

"ಅಲ್ಲಾಳಸಂದ್ರ."

"ಅಯ್ಯೋ, ನಂದು ಸಹಕಾರನಗರ!"

ಬಿಲ್ಲು ಕೊಟ್ಟು ಇಬ್ಬರೂ ಕೆಳಗಿಳಿದು, ಹೆಬ್ಬಾಳದ ಕಡೆ ಹೋಗುವ ಆಟೊ ಹುಡುಕಿದೆವು.