ಅರೆತಲೆನೋವು ಮತ್ತು ಉಪವಾಸ

ದಶಲಕ್ಷಣ ಪರ್ವದಲ್ಲಿ ನಿರ್ಜಲ ಉಪವಾಸ ಕೈಗೊಂಡ ಶಹಾಪುರದ ಗೃಹಿಣಿಯೊಬ್ಬಳು ಮಧ್ಯಾಹ್ನ ಹಣೆ ಒತ್ತಿಕೊಂಡು ಕತ್ತಲೆಕೋಣೆ ಸೇರಿದರೆ, ಹಿರಿಯರು ಅದನ್ನು ಪಿತ್ತವೆಂದೋ ಶ್ರದ್ಧೆಯ ಕೊರತೆಯೆಂದೋ ಬಗೆಯುವುದುಂಟು. ಅದು ಮೈಗ್ರೇನ್ ಇರಬಹುದು. ತಲೆಯ ಒಂದು ಪಾರ್ಶ್ವ ಮಿಡಿಯುವುದು, ವಾಕರಿಕೆ, ಬೆಳಕು ಸಹಿಸದಿರುವುದು ಇದರ ಲಕ್ಷಣ. ಚಿಕಿತ್ಸೆಯಿಲ್ಲದಿದ್ದರೆ 4ರಿಂದ 72 ಗಂಟೆ ಕಾಡುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಹಸಿವು, ನೀರಡಿಕೆ, ನಿದ್ರಾಭಂಗಗಳು ಅದನ್ನು ಕೆರಳಿಸುತ್ತವೆ. 40 ಡಿಗ್ರಿ ದಾಟುವ ಯಾದಗಿರಿ, ಸುರಪುರಗಳ ಬೇಸಗೆಯಲ್ಲಿ ಉಪವಾಸವಿಲ್ಲದೆಯೂ ಬಂದೀತು.

ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿಗೆ ‘ಶಕ್ತಿಯನುಸಾರ’ ಎಂಬ ಕಟ್ಟಳೆಯಿದೆ. ಹಿರಿಯರು ಮರೆಯುವುದು ಇದನ್ನೇ! ಸ್ವಾಧ್ಯಾಯವೂ ತಪಸ್ಸೇ, ಪರರ ನೋವನ್ನು ಲೆಕ್ಕಿಸದೆ ಉಪವಾಸ ಮಾಡಿಸುವುದು ಮಾತ್ರ ಹಿಂಸೆ. ಆಕೆ ನೋವು ಬಂದ ದಿನ, ಉಂಡ ಹೊತ್ತು, ಮಲಗಿದ ಹೊತ್ತುಗಳನ್ನು ಅಂಗಡಿಯ ಕೀರ್ದಿಯಂತೆ ಬರೆದಿಟ್ಟು, ಮುಂದಿನ ಪರ್ವಕ್ಕೆ ಮೊದಲೇ ವೈದ್ಯರಿಗೆ ತೋರಿಸಲಿ.