ಅಜ್ಜಿ ಮಾತು ಅಳಿಸ್ಬೇಡ

ನಮ್ಮ 8ನೇ ಕ್ಲಾಸಿನ ಮಗಳಿಗೆ ಕನ್ನಡ ಟೀಚರ್ರು ಈ ಸಲ ಪ್ರಬಂಧ ಕೊಟ್ಟಿದ್ದೇ ಬೇರೆ ಥರ. ‘ನಮ್ಮ ಮನೆಯ ನೀರು’ ಅಂತ ಬರೀಬೇಕು, ಅದನ್ನ ಮೊಬೈಲಿನಾಗೆ 3 ನಿಮಿಷದ ಪಾಡ್‌ಕಾಸ್ಟ್ ಮಾಡ್ಬೇಕು, ಕೇಳಿ ತಿದ್ದಿ ಮತ್ತೆ ಬರೀಬೇಕು. 1965ರಾಗೆ ಶುರುವಾದ ನಮ್ಮ ಭದ್ರಾವತಿ ಆಕಾಶವಾಣಿಯಾಗೆ ಭಾಷಣ ಬರ್ತಿದ್ವಲ್ಲ, ಅಂಥದ್ದೇ. ಆದ್ರೆ ಇದನ್ನ ಬೇಕಾದಾಗ ಹಚ್ಚಿ ಕೇಳಬಹುದು.

ಫ್ಯಾನ್ ಆರಿಸಿ, ಕುಕ್ಕರ್ ಇಳಿಸಿ ಕೂತ್ವಿ. ‘ನೀರು ಸಕಲ ಜೀವರಾಶಿಗಳಿಗೂ ಅತ್ಯಮೂಲ್ಯವಾದ’ ಅಂತ ಗೈಡಿನ ಸಾಲು ಓದಿದ್ಲು. ಸಾಲು ಮುಗಿಯೋದ್ರೊಳಗೆ ಉಸಿರು ಮುಗೀತು. ಹಚ್ಚಿ ಕೇಳಿದ್ರೆ ಅವಳಿಗೇ ಆಕಳಿಕೆ! ಚಿತ್ರದುರ್ಗದ ತನಕ ಕುಡಿಯೋ ನೀರು ಕೊಡೋ ನಮ್ಮ ಚನ್ನಗಿರಿ ಸೂಳೆಕೆರೆ ಹೆಸರೇ ಅದ್ರಾಗೆ ಇಲ್ಲ.

ಜಗಳೂರಿಂದ ಬಂದಿದ್ದ ನಮ್ಮವ್ವ ಮೂಲೆಯಾಗೆ ಅವರೆಕಾಯಿ ಸುಲೀತಿದ್ಲು. “ಬರಗಾಲದಾಗ ನಡುರಾತ್ರಿ ಎದ್ದು ಬಾವಿಗೆ ಹೋಗ್ತಿದ್ವಿ. ಒಂದು ಕೊಡ ನೀರು ಜಿನುಗಾದ್ರಾಗ ಇನ್ನೊಬ್ಬಾಕಿ ಕೊಡದ ಮ್ಯಾಲೆ ತಲಿ ಇಟ್ಟು ನಿದ್ದಿ ಹೋಗಿರ್ತಿದ್ಲು” ಅಂದ್ಲು. ಫೋನು ಚಾಲೂನೇ ಇತ್ತು, ಅದೂ ರೆಕಾರ್ಡ್ ಆತು.

ಮಗಳು ‘ಅಜ್ಜಿಯವರು ಮಧ್ಯರಾತ್ರಿ ನೀರಿಗಾಗಿ ತೆರಳುತ್ತಿದ್ದರು’ ಅಂತ ಬರಕೊಂಡು, “ಅಜ್ಜಿ ಮಾತು ಅಳಿಸ್ತೀನಮ್ಮ, ಕ್ಲಾಸಿನಾಗೆ ನಗ್ತಾರೆ” ಅಂದ್ಲು. ಅವ್ವ ಏನೂ ಅನ್ಲಿಲ್ಲ. ಸುಲಿಯೋ ಕೈ ಮಾತ್ರ ನಿಂತ್ಕಂತು.

ನನಗೆ ಚುಚ್ಚಿತು. ಮದುವೆಯಾಗಿ ಬಂದ ಹೊಸದ್ರಾಗೆ ನನ್ನ ‘ಐತಿ’ಗೂ ನಕ್ಕಿದ್ರು. ನಾಚಿಕೊಂಡು ಆ ಮಾತೇ ಬಿಟ್ಟೆ. ಆ ನಾಚಿಕೆ ಈಗ ಮಗಳಿಗೆ ಅಂಟೈತೆ.

“ಅಳಿಸ್ಬೇಡ. ನೀನು ಬರೆದಿದ್ದನ್ನೂ ಅಜ್ಜಿ ಹೇಳಿದ್ದನ್ನೂ ಕಣ್ಮುಚ್ಚಿ ಕೇಳು. ಯಾವುದ್ರಾಗೆ ಕೊಡ ಕಾಣ್ತದೆ?” ಅಂದೆ. ಎರಡು ಸಲ ಕೇಳಿದ್ಲು. ಆಮೇಲೆ ಅವ್ವನ ಪಕ್ಕ ಹೋಗಿ ಕೂತು, “ಅಜ್ಜಿ, ಹಂಗೆ ನಿದ್ದೆ ಹೋಗಿದ್ದೋರು ಯಾರು?” ಅಂದ್ಲು.

ಎರಡನೇ ಸಲ ಬರೆದದ್ದು ಆ ಕೊಡದಿಂದ್ಲೇ ಶುರು. ಸಾಲೆಲ್ಲ ಗಿಡ್ಡ. ಕೇಳೋರು ಪುಟ ತಿರುವಿ ಹಿಂದಕ್ಕೆ ನೋಡಾಕಾಗಲ್ಲ ಅಂತ ಯಾರು, ಎಲ್ಲಿ, ಯಾವಾಗ ಅನ್ನೋದನ್ನ ಮೊದಲೇ ಹೇಳ್ಯಾಳೆ. ಸೂಳೆಕೆರೆನೂ ಬಂತು. ಒಂದೂವರೆ ಪುಟಕ್ಕೆ 3 ನಿಮಿಷ ಸರಿಹೋತು. ಅಜ್ಜಿ ಮಾತು ಅಜ್ಜಿ ದನಿಯಾಗೇ ಐತೆ.

ನ್ಯಾಮತಿ ಅತ್ತಿಗೆಗೂ ಹೊನ್ನಾಳಿ ಚಿಕ್ಕಮ್ಮಂಗೂ ಕಳಿಸಿದ್ವಿ. ಚಿಕ್ಕಮ್ಮ ತಕ್ಷಣ ಫೋನ್ ಮಾಡಿ, “ನಿಮ್ಮವ್ವ ನೀರು ಹುಡುಕ್ಕೊಂಡು ಹೋದ್ಲು, ನಮ್ಮನಿಗೆ ತುಂಗಭದ್ರೆ ತಾನೇ ಹುಡುಕ್ಕೊಂಡು ಬಂದಿದ್ಲು. ಅದನ್ನ ಯಾವಾಗ ಬರ್ಕೊಂತಾಳಂತೆ?” ಅಂದ್ಲು.

ನಿಮ್ಮನೆ ಹುಡುಗರ ಕೈಲೂ ಮಾಡಿಸ್ರಿ. ಕುಕ್ಕರ್ ಮಾತ್ರ ಮೊದಲೇ ಇಳಿಸ್ರಿ.